ಹೊಗಳದ ಮಗಳು

ಕ್ಯಾರಿಯಾಕು ದ್ವೀಪದ ಗುಡ್ಡದ ಮೇಲಿನ ಊರುಗಳಲ್ಲಿ ಎಫ್ರೇಮ್ ಕ್ವಾಶಿ ಎಂದರೆ ‘ಯಾವ ಎಫ್ರೇಮ್’ ಎಂದು ಯಾರೂ ಕೇಳುತ್ತಿರಲಿಲ್ಲ. ವರ್ಷವಿಡೀ ಅವನು ಕಡಲ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಹೊಸ ದೋಣಿಗಳ ಹಲಗೆ ಸಂದಿಗೆ ನೀರು ನುಗ್ಗದಂತೆ ನಾರು ತುರುಕುವ ಕೆಲಸಗಾರ. ಕಾರ್ನಿವಲ್ ಹಬ್ಬದ ಮಂಗಳವಾರ ಒಂದು ದಿನ ಮಾತ್ರ ರಾಜ. ಅಂದು ಕನ್ನಡಿ ಚೂರು ಹೊಲಿದ ಅಂಗಿ ತೊಟ್ಟು, ಮುಖಕ್ಕೆ ತಂತಿಬಲೆಯ ಮುಖವಾಡ ಕಟ್ಟಿ, ತಲೆಯಿಂದ ಬೆನ್ನಿನ ತನಕ ಇಳಿಬೀಳುವ ದಪ್ಪ ಬಟ್ಟೆಯ ಕಿರೀಟ ಹೊತ್ತು ಕೂಡುರಸ್ತೆಗೆ ಬರುತ್ತಿದ್ದ. ದಕ್ಷಿಣದ ಊರುಗಳ ರಾಜ ಎದುರಾಗುತ್ತಿದ್ದ. ಹಳೆಯ ದುರಂತ ನಾಟಕಗಳ ಉದ್ದುದ್ದ ಮಾತುಗಳನ್ನು ಒಬ್ಬ ಕೇಳಬೇಕು, ಇನ್ನೊಬ್ಬ ಒಂದಕ್ಷರ ಬಿಡದೆ ಒಪ್ಪಿಸಬೇಕು. ತಪ್ಪಿದವನ ಬೆನ್ನಿಗೆ ಚಾಟಿ. ಅಪ್ಪಂದಿರ ಕಾಲದಿಂದ ನಡೆದು ಬಂದ ಪಂಥ ಅದು.

ಎಫ್ರೇಮನ ಬೆನ್ನಿಗೆ ಚಾಟಿ ಬಿದ್ದದ್ದನ್ನು ಕಂಡವರು ಊರಲ್ಲಿ ಬಹಳ ಮಂದಿ ಇರಲಿಲ್ಲ. ಸಿಹಿಮಾತಿಗೆ ಮರುಳಾಗಿ ರಾಜ್ಯ ಕಳೆದುಕೊಂಡ ದೊರೆಗಳು, ಒಳ್ಳೆಯ ಮಗನನ್ನು ಕಾಡಿಗಟ್ಟಿದ ಅಪ್ಪಂದಿರು, ಎಲ್ಲರ ಗೋಳೂ ಅವನ ನಾಲಗೆಯ ತುದಿಯಲ್ಲಿತ್ತು. ಅವನು ಬಾಯಿ ತೆರೆದರೆ ರಮ್ ಅಂಗಡಿಯಲ್ಲಿ ಕೂತವರು ಲೋಟ ಕೆಳಗಿಟ್ಟು ಕೇಳುತ್ತಿದ್ದರು.

ಭಾನುವಾರ ಚರ್ಚಿನಿಂದ ಬಂದು, ಜೋಳದ ಹಿಟ್ಟಿನ ಮುದ್ದೆಯನ್ನು ತೊಗರಿಕಾಳಿನ ಸಾರಿನಲ್ಲಿ ಅದ್ದಿ ಉಂಡ ಮೇಲೆ ಅಂಗಳದಲ್ಲಿ ಅಭ್ಯಾಸ. ಆ ನಾಟಕದ ಮಾತುಗಳಿದ್ದ ಶಾಲೆಯ ಹಳೇ ಪಠ್ಯಪುಸ್ತಕ ಹಿಡಿದು ಮಕ್ಕಳಿಬ್ಬರೂ ಎದುರು ಕೂರುತ್ತಿದ್ದರು. ಹಿರಿಯವನು ಲಿಂಟನ್. ಪುಸ್ತಕದ ಮೇಲೆ ಅವನ ಕಣ್ಣೇ ಇರುತ್ತಿರಲಿಲ್ಲ. ಅಪ್ಪ ಮಾತು ಮುಗಿಸುವುದೇ ತಡ, “ಅಪ್ಪಾ, ನಿನ್ನಂಥೋನು ಈ ದ್ವೀಪದಲ್ಲಿ ಹುಟ್ಟಿಲ್ಲ, ಹುಟ್ಟೋದೂ ಇಲ್ಲ!” ಎನ್ನುತ್ತಿದ್ದ. ಕಿರಿಯವಳು ಡೆಲ್ಫಿನ್ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಿದ್ದಳು. “ಇಲ್ಲಿ ‘ಅಯ್ಯೋ’ ಅಂತಿಲ್ಲ, ನೀನು ಸೇರಿಸ್ಕೊಂಡೆ” ಎನ್ನುತ್ತಿದ್ದಳು.

“ಅಯ್ಯೋ ಅಂದ್ರೆ ಏನಾಯ್ತೇ? ದುಃಖ ಜಾಸ್ತಿ ಆಗಲ್ವಾ?”

“ದುಃಖ ಜಾಸ್ತಿ ಆದ್ರೆ ಏಟೂ ಜಾಸ್ತಿ ಆಗತ್ತೆ.”

ಎಫ್ರೇಮ್ ನಗುತ್ತಿದ್ದ. ಆದರೆ ಪೇಟೆಗೆ ಹೋದಾಗ ಕೈಹಿಡಿದು ಕರೆದೊಯ್ಯುತ್ತಿದ್ದುದು ಲಿಂಟನ್‌ನನ್ನು. ಹೊಗಳಿಸಿಕೊಂಡ ಕಿವಿಗೆ ಹೊಗಳುವವನ ಕಡೆಗೇ ಒಲವು.

ಮಕ್ಕಳು ದೊಡ್ಡವರಾದರು. ಲಿಂಟನ್ ಸರಕು ದೋಣಿಯಲ್ಲಿ ಕೆಲಸಕ್ಕೆ ಸೇರಿದ. ಡೆಲ್ಫಿನ್ ಹೊಲಿಗೆ ಕಲಿತು, ಅಪ್ಪನ ಕಾರ್ನಿವಲ್ ಉಡುಪನ್ನೆಲ್ಲ ತಾನೇ ಹೊಲಿಯತೊಡಗಿದಳು. ಎಫ್ರೇಮನ ತಲೆಗೂದಲು ಬೆಳ್ಳಗಾಯಿತು. ಆಮೇಲಾಮೇಲೆ ಮಾತುಗಳು ಒಂದೊಂದಾಗಿ ಜಾರತೊಡಗಿದವು. ನಾಲಗೆಯ ತನಕ ಬಂದ ಸಾಲು, ಕೈ ಚಾಚಿದೊಡನೆ ಬಿಲ ಸೇರುವ ಏಡಿಯ ಹಾಗೆ ಮಾಯವಾಗುತ್ತಿತ್ತು. ಅವನಿಗೆ ಗೊತ್ತಾಗುತ್ತಿರಲಿಲ್ಲ ಎಂದಲ್ಲ. ಗೊತ್ತಾದದ್ದನ್ನು ಪಕ್ಕಕ್ಕೆ ಸರಿಸಿ ಲಿಂಟನ್‌ನ ಮುಖ ನೋಡುತ್ತಿದ್ದ. “ಅದ್ಭುತ ಅಪ್ಪಾ” ಎಂದು ಕೇಳಿಸಿದ ಮೇಲೆ ಎದೆ ಹಗುರಾಗುತ್ತಿತ್ತು.

ಆ ವರ್ಷ ಕಾರ್ನಿವಲ್ ಹತ್ತಿರವಾದಾಗ ಒಂದು ಭಾನುವಾರ ಊಟಕ್ಕೆ ಕೂತಲ್ಲೇ ಕೇಳಿದ. “ಈ ಸಲ ದಕ್ಷಿಣದಿಂದ ಆ ಬೆನಡಿಕ್ಟ್ ಬರ್ತಾನಂತೆ. ಎಳೇ ಹುಡುಗ. ಹೇಳಿ ನೋಡೋಣ, ನಿಮ್ಮಪ್ಪ ಅವನನ್ನ ಏನು ಮಾಡ್ತಾನೆ?”

“ಅಂಗಿ ಬಿಟ್ಟು ಓಡ್ತಾನೆ! ತೊಂಬತ್ತು ವರ್ಷ ಆದ್ರೂ ಈ ಕಿರೀಟ ನಿನ್ನ ತಲೆ ಮೇಲೇ ಅಪ್ಪಾ” ಎಂದ ಲಿಂಟನ್.

ಡೆಲ್ಫಿನ್ ಮುದ್ದೆ ಮುರಿಯುತ್ತಲೇ ಇದ್ದಳು. “ನೀನೇನಂತೀಯೇ?” ಎಂದು ಅಪ್ಪನೇ ಕೆದಕಿದ.

“ಈ ವರ್ಷ ಹೋಗ್ಬೇಡ.”

ಅಮ್ಮ ಉರ್ಸುಲಾ ಕೈಯಲ್ಲಿನ ಸೌಟು ಕೆಳಗಿಟ್ಟಳು.

“ಯಾಕೆ?”

“ದೊರೆ ಅಳೋ ಮಾತಿದ್ಯಲ್ಲ, ಅದರ ನಡುಭಾಗ ನಿಂಗೆ ಮರೆತು ಹೋಗಿದೆ. ಹೋದ ವಾರಾನೂ ಹಾರಿಸ್ದೆ, ಇವತ್ತೂ ಹಾರಿಸ್ದೆ. ಹಾರಿಸ್ದೆ ಅನ್ನೋದೇ ನಿಂಗೆ ಗೊತ್ತಾಗ್ಲಿಲ್ಲ. ಬೆನಡಿಕ್ಟ್ ಕೈ ತುಂಬ ಜೋರು ಅಪ್ಪಾ.”

ಎಫ್ರೇಮನ ಮುಖ ಕಪ್ಪಿಟ್ಟಿತು. ನಿಜ ಎಂದು ಗೊತ್ತಿದ್ದುದರಿಂದಲೇ ಸಿಟ್ಟು ನೆತ್ತಿಗೇರಿತು. “ಹೆತ್ತ ಅಪ್ಪ ಸೋಲ್ಲಿ ಅಂತ ಕಾಯ್ತಿದೀಯಾ? ಕಾರ್ನಿವಲ್ ಮುಗಿಯೋ ತನಕ ನನ್ನ ಕಣ್ಣೆದುರಿಗೆ ಬರ್ಬೇಡ. ನಡಿ!”

ಅವಳು ಅಳಲಿಲ್ಲ, ವಾದಿಸಲಿಲ್ಲ. ಹೊಲಿಗೆ ಯಂತ್ರವನ್ನು ಕೈಗಾಡಿಯಲ್ಲಿಟ್ಟುಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ಅವಳು ತಿರುವು ದಾಟಿದ ಮೇಲೆ ಉರ್ಸುಲಾ ಗಂಡನ ಕಡೆ ತಿರುಗಿದಳು. “ಸಿಹಿಮಾತು ನಂಬಿ ಕೆಟ್ಟ ರಾಜರ ಕಥೆ ಜೀವಮಾನ ಪೂರ್ತಿ ಬಾಯಿಪಾಠ ಮಾಡ್ದೆ ಎಫ್ರೇಮ್. ಬಾಯಿಗೆ ಹೋದದ್ದು ತಲೆಗೆ ಹೋಗ್ಲಿಲ್ವಲ್ಲ!”

ಮಂಗಳವಾರ ಬೆಳಿಗ್ಗೆ ಉರ್ಸುಲಾ ಕಿರೀಟ ತಂದು ಗಂಡನ ತಲೆಗಿಟ್ಟಳು. ಯಾಕೋ ಯಾವತ್ತಿಗಿಂತ ಭಾರವೆನಿಸಿತು. ವಯಸ್ಸಾಯಿತು, ಅದಕ್ಕೇ ಇರಬೇಕು ಎಂದುಕೊಂಡ.

ಕೂಡುರಸ್ತೆಯಲ್ಲಿ ಜನ ಕಿಕ್ಕಿರಿದಿದ್ದರು. ಬೆನಡಿಕ್ಟ್ ಎತ್ತರದ ಆಳು, ಗೆಜ್ಜೆ ಕಟ್ಟಿದ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತ ಬಂದ. ಮೊದಲ ಸರದಿಯಲ್ಲಿ ಎಫ್ರೇಮ್ ಹಳೆಯ ಎಫ್ರೇಮನೇ. ಗುಡ್ಡದ ಕಡೆಯವರು ಕುಣಿದಾಡಿದರು. ಎರಡನೆಯದಕ್ಕೆ ಬೆನಡಿಕ್ಟ್ ಕೇಳಿದ್ದು ಅದನ್ನೇ. “ಹೇಳು ರಾಜಾ, ದೊರೆ ಅಳೋ ಮಾತು ಹೇಳು!”

ಎಫ್ರೇಮ್ ಶುರು ಮಾಡಿದ. ದನಿ ಏರಿತು, ಕೈ ಏರಿತು. ನಡುವಿಗೆ ಬಂದದ್ದೇ ಕಾಲಡಿಯ ಹಲಗೆ ಸರಿದಂತಾಯಿತು. ಮುಂದಿನ ಸಾಲಿಲ್ಲ. ಎಲ್ಲಿಂದಲೋ ಬೇರೊಂದು ನಾಟಕದ ಸಾಲು ಬಾಯಿಗೆ ಬಂತು. ಚಾಟಿ ಬೆನ್ನ ಮೇಲೆ ಬಿತ್ತು. ಮತ್ತೆ ಮೊದಲ ಸಾಲಿನಿಂದ ಹೇಳಿಕೊಂಡು ಬಂದ, ಅಲ್ಲೇ ಎಡವಿದ. ಮತ್ತೆ ಚಾಟಿ. ಗುಂಪು ಗಪ್‌ಚಿಪ್ಪಾಯಿತು. ಆ ಮೌನದಲ್ಲಿ ಒಂದೇ ದನಿ ಕೇಳಿಸಿತು.

“ಭೇಷ್ ಅಪ್ಪಾ! ಭೇಷ್!”

ಲಿಂಟನ್. ಅಪ್ಪ ತಪ್ಪಿದ್ದು ಎಲ್ಲರಿಗೂ ಕೇಳಿಸಿದೆ, ಆದರೂ ಮಗ ಭೇಷ್ ಎನ್ನುತ್ತಿದ್ದಾನೆ. ಚಾಟಿಯ ಏಟಿಗೆ ನಡುಗದ ಎಫ್ರೇಮ್ ಆ ಮಾತಿಗೆ ನಡುಗಿದ. ಇಷ್ಟು ವರ್ಷ ಕೇಳಿದ ಭೇಷ್‌ಗಳಲ್ಲಿ ಎಷ್ಟು ಇಂಥವೋ ಎನಿಸಿತು. ಅತ್ತಿತ್ತ ನೋಡಿದ. ರಮ್ ಅಂಗಡಿಯ ಗೋಡೆಗೆ ಆತು ಡೆಲ್ಫಿನ್ ನಿಂತಿದ್ದಳು. ಅಂಗೈ ಬಾಯಿಗೆ ಒತ್ತಿಕೊಂಡಿದ್ದಳು. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

ಬೆನಡಿಕ್ಟ್ ಮತ್ತೆ ಕೈ ಎತ್ತಿದ. ಎಫ್ರೇಮ್ ಮುಖವಾಡ ಬಿಚ್ಚಿ, ಕಿರೀಟ ತೆಗೆದ. ಕಿರೀಟ ತೆಗೆದವನು ಸೋತವನು. “ಸಾಕಪ್ಪಾ. ನಂಗೆ ಮರೆತು ಹೋಗಿದೆ. ಇವತ್ತಲ್ಲ, ಮುಂಚೇನೇ ಮರೆತಿತ್ತು” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಬೆನಡಿಕ್ಟ್ ಚಾಟಿ ಕೆಳಗೆ ಹಾಕಿ, ಬಗ್ಗಿ ಮುದುಕನ ಕೈಗೆ ಮುತ್ತಿಟ್ಟ. ಜನ ದಾರಿ ಬಿಟ್ಟರು. ಎಫ್ರೇಮ್ ನೆಟ್ಟಗೆ ಅಂಗಡಿಯ ಗೋಡೆಯ ಹತ್ತಿರ ನಡೆದ.

“ನೀನು ಹೇಳಿದ್ದೆ.”

“ಹೇಳಿದ್ದೆ” ಎಂದಳು ಡೆಲ್ಫಿನ್, ಮೂಗು ಒರೆಸಿಕೊಳ್ಳುತ್ತ. “ಬೆನ್ನು ಉರೀತಿದ್ಯಾ?”

ಆಗ ಅವನಿಗೆ ಹೊಳೆಯಿತು. “ಅಷ್ಟೇನೂ ಉರೀತಿಲ್ಲ ಕಣೇ. ಯಾಕೆ?”

“ಕಿರೀಟದ ಒಳಗೆ ಇನ್ನೆರಡು ಪದರ ಹತ್ತಿ ಇಟ್ಟು ಹೊಲ್ದಿದ್ದೆ. ಅಮ್ಮನ ಕೈಲಿ ಕಳಿಸ್ದೆ. ನೀನು ಹೋಗೇ ಹೋಗ್ತೀಯ ಅಂತ ಗೊತ್ತಿತ್ತಲ್ಲ.”

ಎಫ್ರೇಮ್ ಕಿರೀಟದ ಒಳಮೈ ಸವರಿ ಹೊಸ ಹೊಲಿಗೆಯನ್ನು ಹುಡುಕಿದ.

ಮನೆಗೆ ಬಂದು ಕಿರೀಟವನ್ನು ಮಗಳ ಮಡಿಲಿಗಿಟ್ಟ. “ಇನ್ಮೇಲೆ ಇದು ನಿಂದು.”

ಅವಳು ಅದನ್ನು ಮೇಜಿನ ಮೇಲೆ ಸರಿಸಿದಳು. “ಬೇಡ ಅಪ್ಪಾ. ಏಟು ಅಂದ್ರೆ ನಂಗೆ ಭಯ. ರಸ್ತೇಲಿ ನಿಂತು ಕೂಗೋಕೂ ಇಷ್ಟ ಇಲ್ಲ. ತಪ್ಪು ಹಿಡಿಯೋದಂದ್ರೆ ಮಾತ್ರ ಇಷ್ಟ.”

“ಅದು ಊರಿಗೇ ಗೊತ್ತು” ಎಂದಳು ಉರ್ಸುಲಾ.

ಲಿಂಟನ್ ಬಾಗಿಲಲ್ಲಿ ನಿಂತಿದ್ದ. ಎಫ್ರೇಮ್ ಕರೆದ. “ಯಾಕಪ್ಪಾ ಹಂಗೆ ಮಾಡ್ದೆ? ಕಿರೀಟದ ಆಸೇಗಾ?”

“ಅಲ್ಲ.” ಲಿಂಟನ್ ನೆಲ ನೋಡಿದ. “ಚಿಕ್ಕೋನಿದ್ದಾಗ ಒಂದ್ಸಲ ನೀನು ತಪ್ಪಿದೀಯ ಅಂದೆ. ಸಂಜೆ ತನಕ ನೀನು ನನ್ನ ಮುಖ ನೋಡ್ಲಿಲ್ಲ. ಮಾರನೇ ದಿನ ನಾನು ಹೊಗಳ್ದೆ, ನೀನು ಹೆಗಲ ಮೇಲೆ ಕೂರಿಸ್ಕೊಂಡೆ. ಅವಳಿಗೆ ನಿನ್ನ ಸಿಟ್ಟು ತಡ್ಕೊಳ್ಳೋಕೆ ಬಂತು. ನಂಗೆ ಬರ್ಲಿಲ್ಲ.”

ಮಗನ ನಾಲಗೆಗೆ ಸಕ್ಕರೆ ಸವರಿದ್ದು ತಾನೇ ಎಂದು ಎಫ್ರೇಮನಿಗೆ ಅರ್ಥವಾಯಿತು. ಎದ್ದು ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟ. “ಕಿರೀಟ ಬೇಕಾ? ನಿಜ ಹೇಳು.”

“ಬೇಕು. ಆದ್ರೆ ನಂಗೆ ಅರ್ಧ ಮಾತೂ ಬರಲ್ಲ.”

“ಅಬ್ಬಾ!” ಎಂದಳು ಡೆಲ್ಫಿನ್. “ಅಣ್ಣನ ಬಾಯಲ್ಲಿ ಮೊದಲ ನಿಜ!”

ಭಾನುವಾರದ ಅಭ್ಯಾಸ ಮತ್ತೆ ಶುರುವಾಯಿತು. ಈಗ ಲಿಂಟನ್ ನಿಂತು ಹೇಳುತ್ತಿದ್ದ, ಡೆಲ್ಫಿನ್ ಪುಸ್ತಕ ಹಿಡಿಯುತ್ತಿದ್ದಳು. ಮಾತು ಮರೆತರೂ ಮಾತಿನ ಏರಿಳಿತ ಎಫ್ರೇಮ್ ಮರೆತಿರಲಿಲ್ಲ. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಕಾಲು ಕುಟ್ಟಬೇಕು ಎಂದು ತೋರಿಸಿಕೊಡುತ್ತಿದ್ದ. ಮುಂದಿನ ಕಾರ್ನಿವಲ್‌ನಲ್ಲಿ ಲಿಂಟನ್ ಸಾಕಷ್ಟು ಏಟು ತಿಂದ. ಆದರೆ ಕಿರೀಟ ತೆಗೆಯಲಿಲ್ಲ, ಕೊನೆಯ ಸಾಲಿನ ತನಕ ಹೇಳಿಯೇ ನಿಂತ.

ಎಫ್ರೇಮನ ಮರೆವು ನಿಲ್ಲಲಿಲ್ಲ. ನೆರೆಯವರ ಹೆಸರು, ವಾರದ ದಿನ ತಪ್ಪತೊಡಗಿದವು. ಆದರೆ ಅವನಿಗೆ ಹೆದರಿಕೆ ಇರಲಿಲ್ಲ. ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಬೆಳಿಗ್ಗೆ ದಂಡೆಗೆ ಹೋಗಿ ಹಲಗೆ ಸಂದಿಗೆ ನಾರು ತುರುಕುತ್ತಿದ್ದ. ಅನುಮಾನ ಬಂದರೆ ಮಗಳನ್ನು ಕೇಳುತ್ತಿದ್ದ. ಅವಳು ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ.

ಆ ಮನೆಯಲ್ಲಿ ಈಗ ಸದ್ದೇ ಸದ್ದು. ಮೊನ್ನೆ ಊಟಕ್ಕೆ ಕೂತಾಗ ಲಿಂಟನ್ ಒಂದು ತುತ್ತು ಬಾಯಿಗಿಟ್ಟು, “ಅಮ್ಮಾ, ಇವತ್ತು ಉಪ್ಪು ಜಾಸ್ತಿ” ಎಂದ. ಉರ್ಸುಲಾ ಸೌಟು ಎತ್ತಿಕೊಂಡು ಎದ್ದಳು.

“ನಿಜ ಹೇಳೋ ಕಾಯಿಲೆ ನಿಂಗೂ ಅಂಟ್ಕೊಂಡ್ತಾ?”

“ಓಡೋ ಮಗನೇ, ಓಡು!” ಎಂದು ಕೂಗಿದ ಎಫ್ರೇಮ್. ಮಗ ಅಂಗಳಕ್ಕೆ ಹಾರಿದ ಮೇಲೆ ಅವನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು ಉಣ್ಣತೊಡಗಿದ.