ಶ್ರಾವಣ ಸೋಮವಾರದ ಗುಳಿಗೆ

ಖಾನಾಪುರದ ಆಚೆ ನಮ್ಮೂರಿನ ಸಣ್ಣ ದವಾಖಾನೆಗೆ ನರ್ಸ್ ಆಗಿ ಬಂದ ಕಾಂತಾಳ ಬಾಯಿ ಬಲು ಜೋರು. ಡಾಕ್ಟರಿಗೆ ಹೆದರದವರೂ ಅವಳನ್ನು ಕಂಡರೆ ಬೀಡಿ ಆರಿಸುತ್ತಿದ್ದರು. ಗುಳಿಗೆ ನುಂಗದೆ ಸುಳ್ಳು ಹೇಳಿದವರಿಗೆ ಕನ್ನಡದಲ್ಲಿ ಬೈದು ಸಾಲದೆ ಮರಾಠಿಯಲ್ಲೂ ಬೈಯುತ್ತಿದ್ದಳು. ಬೈಸಿಕೊಳ್ಳುವ ಭಾಗ್ಯ ನನಗೂ ಸಿಕ್ಕಿದೆ.

ಪಕ್ಕದ ಮನೆಯ ಬಸವಣ್ಣೆವ್ವನಿಗೆ ಸಕ್ಕರೆ ಕಾಯಿಲೆ ಎಂದು ಬೆಳಗಾವಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. ತಿಂಗಳು ತಿಂಗಳು ಅದನ್ನು ಕೊಡುವ ಕೆಲಸ ಕಾಂತಾಳದು.

“ಜಗತ್ತ ಮುಳುಗಿದ್ರೂ ಮುಂಜಾನಿ ಗುಳಿಗಿ ತಪ್ಪಿಸಬ್ಯಾಡ್ರಿ ಯವ್ವಾ. ಸಕ್ಕರಿ ಅಂದ್ರ ನಿಮಗ ವಿಷ, ತಿಳೀತಿಲ್ಲೋ?”

“ತಿಳೀತ್ರೀ ಬಾಯಾರ,” ಎಂದಳು ಮುದುಕಿ. ಜೊತೆಗಿದ್ದ ಮಗ ಬಾಳಪ್ಪನೂ ತಲೆಯಾಡಿಸಿದ. ಅದು ಬೇಸಿಗೆ. ಉಪವಾಸದ ಮಾತು ಯಾರಿಗೂ ಹೊಳೆಯಲಿಲ್ಲ.

ಎರಡು ಸಾವಿರದ ಇಸವಿಯ ಶ್ರಾವಣ ಬಂತು. ಸೋಮವಾರ ಸಂಜೆ ಪೂಜೆಯಾಗುವವರೆಗೆ ಬಸವಣ್ಣೆವ್ವ ಏನನ್ನೂ ತಿನ್ನುವವಳಲ್ಲ. ಔಷಧದಿಂದ ಉಪವಾಸ ಕೆಡದು ಎಂದು ಮುಂಜಾನೆ ಗುಟುಕು ನೀರಿನಲ್ಲಿ ಗುಳಿಗೆ ನುಂಗಿದಳು. ಮಧ್ಯಾಹ್ನಕ್ಕೆ ಮೈಯೆಲ್ಲ ಬೆವರು, ಕೈ ನಡುಕ, ತೊದಲು ಮಾತು. ಹಸಿವಿನ ಸಂಕಟ ಎಂದು ಸೊಸೆ ನೇತ್ರಾ ಸಕ್ಕರೆ ನೀರು ಕಲಸಿ ತಂದಳು. ಬಾಳಪ್ಪ ಲೋಟ ಕಸಿದು ಚೆಲ್ಲಿದ.

“ಅವ್ವನ್ನ ಕೊಲ್ಲತೀಯೇನ? ಬಾಯಾರ ಏನ್ ಹೇಳ್ಯಾರ?”

ಅಂದು ದವಾಖಾನೆಗೆ ಬೀಗ ಬಿದ್ದಿತ್ತು, ಕಾಂತಾ ಊರಲ್ಲಿರಲಿಲ್ಲ. ಟೆಂಪೊ ಹುಡುಕಿ ಖಾನಾಪುರ ದಾಟಿ ಬೆಳಗಾವಿ ಮುಟ್ಟುವಷ್ಟರಲ್ಲಿ ಮುದುಕಿಗೆ ಎಚ್ಚರ ತಪ್ಪಿತ್ತು. ಗ್ಲೂಕೋಸ್ ಏರಿಸಿದರೂ ಕಣ್ಣು ತೆರೆಯಲಿಲ್ಲ.

ಮಣ್ಣಿಗೆ ಬಂದ ಕಾಂತಾಳ ಮುಂದೆ ಬಾಳಪ್ಪ ಕೈಮುಗಿದ. “ನೀವು ಹೇಳಿದ್ದ ಒಂದೂ ಮೀರಲಿಲ್ರಿ ಬಾಯಾರ. ಗುಳಿಗೀನೂ ತಪ್ಪಿಸಲಿಲ್ಲ, ಸಕ್ಕರೀನೂ ಮುಟ್ಟಿಸಗೊಡಲಿಲ್ಲ. ಆದ್ರೂ ಅವ್ವ ಉಳೀಲಿಲ್ಲ.”

ನಡೆದದ್ದೇನೆಂದು ಕಾಂತಾಳಿಗೆ ಆಗಲೇ ತಿಳಿಯಿತು. ಹೇಳಿದರೆ ಈ ಮಗ ಬದುಕುವುದು ಹೇಗೆ? ಸುಮ್ಮನೆ ಹೊರಟುಹೋದಳು. ನನಗೆ ಇಂದಿಗೂ ಸಿಟ್ಟು ಬರುತ್ತದೆ, ಯಾರ ಮೇಲೆಂದು ಮಾತ್ರ ತಿಳಿಯದು.

ಆದರೆ ಊರಲ್ಲಿ ಆ ಗುಳಿಗೆ ನುಂಗುವವರು ಇನ್ನೂ ಇದ್ದರು. ಮರುವರ್ಷ ಶ್ರಾವಣ ಹತ್ತಿರವಾದಂತೆ ಕಾಂತಾಳಿಗೆ ಊಟ ಸೇರದಾಯಿತು. ಕೊನೆಗೆ ಗುಡಿಯ ಕಟ್ಟೆಯ ಮೇಲೆ ನಿಂತು ಹೇಳಿಯೇಬಿಟ್ಟಳು. “ಸಕ್ಕರಿ ಗುಳಿಗಿ ನುಂಗಾವ್ರು ಉಪವಾಸ ಇರಬ್ಯಾಡ್ರಿ. ಬರೇ ಹೊಟ್ಟ್ಯಾಗ ಅದು ಮೈಯಾಗಿನ ಸಕ್ಕರಿ ಪೂರಾ ಇಳಸತೈತಿ. ಬೆವತು ನಡುಗಿದ್ರ ಮೊದಲ ಸಕ್ಕರಿ ನೀರು ಕುಡಸ್ರಿ. ಜೀವ ಉಳೀತೈತಿ.”

ಜನರ ಹಿಂದೆ ನಿಂತಿದ್ದ ಬಾಳಪ್ಪ ಮುಂದೆ ಬಂದ.

“ಹಂಗಾದ್ರ ಅವತ್ತ ನಾ ಲೋಟ ಚೆಲ್ಲದಿದ್ರ, ನಮ್ಮವ್ವ ಉಳೀತಿದ್ಲೇನ್ರಿ ಬಾಯಾರ?”

ಊರೇ ಹೆದರುತ್ತಿದ್ದ ಬಾಯಿಯ ಕಾಂತಾ ಕಟ್ಟೆ ಇಳಿದು ಬಂದು ಅವನ ಮುಂದೆ ಕೈಮುಗಿದಳು.