ಮೆಟ್ಟಿನ ಮೇಷ್ಟ್ರು ಹಾಕಿದ ಅಟ್ಟೆ

ರೈಲು ನಿಲ್ದಾಣದ ಎದುರಿನ ಮೂಲೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡುವವನನ್ನು ನಮ್ಮಲ್ಲಿ ಎಲ್ಲರೂ ಮೆಟ್ಟಿನ ಮೇಷ್ಟ್ರು ಅನ್ನುತ್ತಾರೆ. ಹರಿದ ಚಪ್ಪಲಿ ತಂದವರಿಗೆ ಅವನಲ್ಲಿ ಮೊದಲು ಪಾಠ, ಆಮೇಲೆ ಹೊಲಿಗೆ. "ಕಾಲು ಎಳೆದು ನಡೀತೀರಲ್ಲ, ಭೂಮಿ ಮೇಲೆ ಏನು ಸಿಟ್ಟು ನಿಮಗೆ?" ಎಂದು ಕೇಳದೆ ಯಾರ ಕೆಲಸವನ್ನೂ ಕೈಗೆತ್ತಿಕೊಳ್ಳುವುದಿಲ್ಲ. ಕೈ ಮಾತ್ರ ಚಿನ್ನ. ಅವನು ಅಡಿಗೆ ಹಾಕಿದ ಅಟ್ಟೆ ಚಪ್ಪಲಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಅವನಿಗೆ ಒಬ್ಬಳೇ ಮಗಳು, ಹನ್ನೊಂದು ವರ್ಷದವಳು. ಹುಟ್ಟಿನಿಂದಲೇ ಅವಳ ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡ. ಮಹಾನಗರದ ದೊಡ್ಡಾಸ್ಪತ್ರೆಯಲ್ಲಿ ಆ ಕಾಲಿಗೆ ಎತ್ತರದ ಬೂಟು ಮಾಡಿಕೊಡುತ್ತಾರೆ. ಅಳತೆ ತೆಗೆಯುವುದು ಮೂರು ತಿಂಗಳಿಗೊಂದು ದಿನ. ಈ ಸಲ ಆ ದಿನವನ್ನು ಕಳೆದುಕೊಳ್ಳುವಂತೆಯೇ ಇರಲಿಲ್ಲ. ಪಾದ ಬೆಳೆದು ಹಳೆಯ ಬೂಟು ಕಚ್ಚುತ್ತಿತ್ತು. ಸೊಂಟದ ನೋವಿಗೆ ಹುಡುಗಿ ತರಗತಿಯಲ್ಲಿ ಬೆಂಚು ಬಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದಳು.

ಹೊರಡುವ ಹಿಂದಿನ ದಿನ ಮೇಷ್ಟ್ರು ಆ ಹಳೆಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಹೊಸದು ಬರುತ್ತಲ್ಲ, ಹಳೇದಕ್ಕೆ ಯಾಕೆ ಈ ಉಪಚಾರ?" ಅಂದಳು ಹೆಂಡತಿ.

"ಮೆಟ್ಟು ಹೊಲಿಯೋನ ಮಗಳು ಸವೆದ ಅಟ್ಟೇಲಿ ಬಂದಿದ್ದಾಳೆ ಅಂತ ಆ ನಗರದವರ ಬಾಯಲ್ಲಿ ಅನ್ನಿಸ್ಕೋಬೇಕಾ?"

"ಬೇಡ ಅಪ್ಪ, ಹಾಗೇ ಇರ್ಲಿ" ಎಂದು ಮಗಳೂ ಹೇಳಿದಳು. ಕೇಳುವವನೇ? ಲಾರಿ ಟಯರಿನ ರಬ್ಬರು ಕತ್ತರಿಸಿ, ಅಂಟಿಸಿ, ಸುತ್ತಲೂ ಹೊಲಿದು, ಅಂಚು ತೀಡಿ ಪಾಲಿಷು ಹೊಡೆದ. ಬೂಟು ಮದುಮಗನ ಹಾಗೆ ಹೊಳೆಯಿತು.

ಬೆಳಗಿನ ಐದೂ ಮುಕ್ಕಾಲಿನ ರೈಲು ಏಳಕ್ಕೆ ಬಂತು. ಬಂದದ್ದೂ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ತುಂಬಿಕೊಂಡು. ನಗರ ಇನ್ನೇನು ಬಂತು ಅನ್ನುವಾಗ ಸಿಗ್ನಲ್ ಸಿಗದೆ ಮುಕ್ಕಾಲು ಗಂಟೆ ನಿಂತಿತು. ಕಿಟಕಿಯಾಚೆ ಎತ್ತರದ ಕಟ್ಟಡಗಳು ಕಣ್ಣಿಗೆ ಕಾಣುತ್ತಿದ್ದವು, ಕೈಗೆ ಸಿಗುತ್ತಿರಲಿಲ್ಲ.

"ಇಳಿದು ನಡೆದಿದ್ರೂ ಇಷ್ಟೊತ್ತಿಗೆ ತಲುಪ್ತಿದ್ವಿ" ಎಂದು ಅಪ್ಪ ಹಲ್ಲು ಕಡಿದ.

"ನೀನು ತಲುಪ್ತಿದ್ದೆ" ಅಂದಳು ಮಗಳು.

ಆಸ್ಪತ್ರೆಯಲ್ಲಿ ಮೊದಲ ಕಿಟಕಿಯವನು ಹಳೆಯ ಚೀಟಿ ತಿರುವಿ ನೋಡಿ, ಎರಡನೆಯ ಕಿಟಕಿಗೆ ಹೋಗಿ ಅಂದ. ಎರಡನೆಯ ಕಿಟಕಿಯವನು ಟೀ ಕುಡಿಯಲು ಹೋಗಿದ್ದ. ಅವನು ಬಾಯಿ ಒರೆಸಿಕೊಂಡು ಬಂದು ಕೊಟ್ಟದ್ದು ನಲವತ್ತೇಳನೆಯ ನಂಬರು. ಒಳಗೆ ಆಗ ಹದಿನಾರನೆಯದು ನಡೆಯುತ್ತಿತ್ತು. ಅವರ ಸರದಿ ಬರುವಾಗ ಗಂಟೆ ಒಂದೂವರೆ.

ಅಳತೆಯ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಅಂಟಿನ ವಾಸನೆ, ಗೋಡೆಗೆ ನೇತುಹಾಕಿದ ಮರದ ಪಾದಗಳು, ಚರ್ಮದ ತುಂಡುಗಳು. ಮೇಷ್ಟ್ರಿಗೆ ತವರಿಗೆ ಬಂದಂತಾಯಿತು. ಮೊದಲಿದ್ದ ಮುದುಕ ಪಾದಕ್ಕೆ ಟೇಪು ಸುತ್ತಿ ಕಳಿಸಿಬಿಡುತ್ತಿದ್ದ. ಈಗ ಅವನ ಜಾಗಕ್ಕೆ ಹೊಸದಾಗಿ ಒಬ್ಬರು ಮೇಡಂ ಬಂದಿದ್ದರು. ಅವರು ಪಾದ ಮುಟ್ಟುವ ಮೊದಲೇ ಬೂಟು ತಿರುಗಿಸಿ, ಅಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಇದನ್ನ ಯಾರು ಹಾಕಿದ್ದು?"

"ನಾನೇ ಮೇಡಂ" ಎಂದು ಮೇಷ್ಟ್ರು ಎದೆ ಸೆಟೆಸಿ ನಿಂತ. ಹೊಗಳಿಕೆ ಬರುತ್ತದೆಂದು ಕಾದ.

"ಹಳೇ ಅಟ್ಟೆ ಎಲ್ಲಿ?"

"ಬಿಸಾಕಿದೆ."

ಮೇಡಂ ಬೂಟು ಕೆಳಗಿಟ್ಟರು. "ಯಜಮಾನ್ರೇ, ಅಟ್ಟೆ ಎಲ್ಲಿ ಎಷ್ಟು ಸವೆದಿದೆ ಅಂತ ನೋಡಿದ್ರೆ ತಾನೇ ಇವಳು ಎತ್ತ ವಾಲ್ತಾಳೆ ಅಂತ ಗೊತ್ತಾಗೋದು? ನೋಡ್ಬೇಕಾದ್ದನ್ನೇ ಕಿತ್ತು ಎಸೆದು ಬಂದಿದ್ದೀರಲ್ಲ."

"ನಾನು ಬಾಯಲ್ಲೇ ಹೇಳ್ತೀನಿ. ಹಿಮ್ಮಡಿ ಹೊರಗಡೆ ಇಷ್ಟು, ತುದೀಲಿ ಇಷ್ಟು" ಎಂದು ಅವನು ಬೆರಳಲ್ಲಿ ತೋರಿಸಿದ.

"ಬೆರಳಳತೆ ನೋಡಿ ಬೂಟು ಕಟ್ಟಕ್ಕಾಗಲ್ಲ. ನೀನು ಸ್ವಲ್ಪ ನಡಿಯಮ್ಮ, ನೋಡೋಣ."

ಹುಡುಗಿ ಸಿಪಾಯಿಯಂತೆ ನೆಟ್ಟಗೆ ನಡೆದಳು.

"ಹಾಗಲ್ಲ, ಮನೇಲಿ ನಡಿಯೋ ಹಾಗೆ."

"ಮನೇಲಿ ಹಿಂಗೆ ಯಾರೂ ನೋಡ್ತಾ ಕೂರಲ್ಲ" ಅಂದಳು ಅವಳು.

"ಈ ಅಟ್ಟೆ ಸವೆಸ್ಕೊಂಡು ಮುಂದಿನ ಸಲ ಬನ್ನಿ" ಎಂದು ಮೇಡಂ ಬಾಗಿಲ ಕಡೆ ನೋಡಿದರು. "ನಲವತ್ತೆಂಟು."

ಹೊರಗಿನ ಬೆಂಚಿನಲ್ಲಿ ಸೊಸೆಯ ಸರದಿ ಕಾಯುತ್ತಿದ್ದ ಮುದುಕಿಯೊಬ್ಬಳು ತೆರೆದ ಬಾಗಿಲಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಕೆಲಸ ಇಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ" ಎಂದು ಯಾರಿಗೂ ಅಲ್ಲದವಳಂತೆ ಹೇಳಿ, ಸೆರಗಿನಿಂದ ಗಾಳಿ ಬೀಸಿಕೊಂಡಳು. ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಅಂಗಳದ ಒರಟು ಕಲ್ಲಿನ ಮೇಲೆ ಮಗಳನ್ನು, ಅಳತೆಯ ಕೋಣೆ ಮುಚ್ಚುವ ನಾಲ್ಕು ಗಂಟೆಯವರೆಗೆ ನಡೆಸಿದರೆ ಸವೆದೀತೇ ಎಂದು ಲೆಕ್ಕ ಹಾಕಿದ. ಲಾರಿ ಟಯರು, ಎರಡು ವರ್ಷ ನಡೆದರೂ ಜಗ್ಗುವುದಿಲ್ಲ. ತನ್ನ ಕೆಲಸ ಇಷ್ಟು ಗಟ್ಟಿ ಇರಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು ಜನ್ಮದಲ್ಲಿ ಅದೇ ಮೊದಲು.

"ಇನ್ನೂ ಮೂರು ತಿಂಗಳು ಗೋಡೆಗೆ ಒರಗಿ ಕೂರ್ಬೇಕು" ಅಂದಳು ಮಗಳು. "ನೀನು ಈ ಅಟ್ಟೆ ಹಾಕಿದ್ದು ನನ್ನ ಕಾಲಿಗಲ್ಲ. ನಿನ್ನ ಹೆಸರಿಗೆ."

ಅವಳ ಬೂಟು ಬಿಚ್ಚಿಸಿ ಕೈಯಲ್ಲಿ ಹಿಡಿದು ತಿರುವುತ್ತ ಕೂತವನು ಥಟ್ಟನೆ ಎದ್ದು ಒಳಗೆ ನುಗ್ಗಿದ.

"ಮೇಡಂ, ಅಟ್ಟೆ ಸವೆದ ಕಡೆ ಬೂಟಿನ ತಳವೂ ಇಳಿದಿರುತ್ತೆ, ಅದನ್ನ ಮಟ್ಟ ಮಾಡದೆ ಹೊಸ ಅಟ್ಟೆ ಕೂರಲ್ಲ. ಎಷ್ಟು ಸವೆದಿತ್ತೋ ಅಷ್ಟೇ ದಪ್ಪ ಚರ್ಮ ಒಳಗೆ ತುಂಬಿದ್ದೀನಿ. ಅದನ್ನ ಅಳೆದ್ರೆ ಆಯ್ತಲ್ಲ. ಒಂದು ಇಕ್ಕಳ ಕೊಡಿ."

ಮೇಡಂ ಗಡಿಯಾರ ನೋಡಿದರು, ಇಕ್ಕಳ ಕೊಟ್ಟರು.

ತಾನೇ ಹಾಕಿದ ಹೊಲಿಗೆಯನ್ನು ತಾನೇ ಬಿಚ್ಚುವುದು ಸುಲಭವಲ್ಲ. ಒಂದೊಂದು ದಾರವೂ ಅವನ ಜೊತೆ ಹಟಕ್ಕೆ ಬಿತ್ತು. ಅಂಟು ಬಿಡಲೊಲ್ಲದು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು, ಹೆಬ್ಬೆರಳು ತರಚಿತು. ಅರ್ಧ ಗಂಟೆ ಗುದ್ದಾಡಿದ ಮೇಲೆ ಅಟ್ಟೆ ಪರ್ರೆಂದು ಕಿತ್ತುಬಂತು. ಅಡಿಯಲ್ಲಿ ಚರ್ಮದ ಪದರಗಳು, ಹಿಮ್ಮಡಿಯ ಹೊರ ಅಂಚಿನಲ್ಲಿ ದಪ್ಪಗೆ, ತುದಿಯಲ್ಲಿ ತೆಳ್ಳಗೆ.

ಮೇಡಂ ಚಾಕುವಿನ ಮೊನೆಯಿಂದ ಪದರಗಳನ್ನು ಎಣಿಸಿದರು. "ಏಳು ಪದರ ಇದೆ. ಕೆಳಗಿನ ಅಂಟು ಹಳದಿ ತಿರುಗಿದೆ. ಇದು ನಿನ್ನೆ ಒಂದೇ ದಿನದ ಕೆಲಸ ಅಲ್ಲ."

"ತಿಂಗಳಿಗೊಂದ್ಸಲ ಅಟ್ಟೆ ಎತ್ತಿ ಒಳಗೆ ತುಸು ತುಸು ಹಾಕ್ತಿದ್ದೆ" ಅಂದ ಅವನು. "ಒಂದು ಕಡೆ ಸವೆದರೆ ನೋಡೋಕೆ ಚೆನ್ನಾಗಿರಲ್ಲ."

"ಹಿಂದಿನ ಬೂಟಿಗೂ?"

ಅವನು ಹೌದೆಂದು ತಲೆಯಾಡಿಸಿದ.

"ನಾವು ಕಟ್ಟಿದ ಬೂಟು ಇವಳ ಕಾಲಿಗೆ ಸರಿಯಿಲ್ಲ ಅಂತ ಅಟ್ಟೆ ತಿಂಗಳು ತಿಂಗಳು ಹೇಳ್ತಾ ಇತ್ತು. ನೀವು ತಿಂಗಳು ತಿಂಗಳು ಅದರ ಬಾಯಿ ಮುಚ್ಚಿದ್ದೀರಿ. ಸೊಂಟ ಇನ್ನೇನು ಮಾಡುತ್ತೆ?" ಮೇಡಂ ಪದರಗಳ ದಪ್ಪ ಅಳೆದು ಬರೆದುಕೊಂಡರು. ಪಾದದ ಅಳತೆಯೂ ಆಯಿತು. "ಒಂದೂವರೆ ತಿಂಗಳಲ್ಲಿ ಬೂಟು ಬರುತ್ತೆ. ಅಲ್ಲೀವರೆಗೆ ಇದಕ್ಕೆ ಮೆತ್ತನೆ ಅಟ್ಟೆ ಹಾಕಿ. ಎಲ್ಲಿ ಸವೆದ್ರೂ ಮುಟ್ಟಬೇಡಿ. ಹಾಗೇ ತನ್ನಿ."

ಸಂಜೆಯ ರೈಲಿನಲ್ಲಿ ಮಗಳು, ಕಿತ್ತ ಅಟ್ಟೆ ಸೇರಿಸಿ ದಾರ ಸುತ್ತಿದ ಬೂಟನ್ನು ಸೀಟಿನಡಿಗೆ ತಳ್ಳಿ, ಅಪ್ಪನ ತೋಳಿಗೆ ಒರಗದೆ ಕಿಟಕಿಗೆ ಒರಗಿ ನಿದ್ದೆ ಹೋದಳು.

ಊರಿಗೆ ಬಂದ ಮೇಲೆ ಮೇಷ್ಟ್ರು ಮೆತ್ತನೆಯ ಅಟ್ಟೆಯನ್ನೇನೋ ಹಾಕಿದ. ಹದಿನೈದು ದಿನಕ್ಕೆ ಅದರ ಹೊರ ಅಂಚು ಇಳಿಯಿತು, ತಿಂಗಳಿಗೆ ಹಿಮ್ಮಡಿ ಓರೆಯಾಯಿತು. ಮಗಳು ಅಂಗಡಿಯ ಮುಂದೆಯೇ ಶಾಲೆಗೆ ಹೋಗುವವಳು. ಅವಳು ದಾಟುವಾಗ ಅವನು ಕೈಯಲ್ಲಿದ್ದ ಸುತ್ತಿಗೆಯಿಂದ ಬೇಡದ ಕಡೆಯೆಲ್ಲ ಮೊಳೆ ಹೊಡೆಯುತ್ತಿದ್ದ. ಪಾಠ ಹೇಳಿಸಿಕೊಂಡ ಗಿರಾಕಿಗಳಿಗೆ ಇದು ಹಬ್ಬ.

"ಏನ್ ಮೇಷ್ಟ್ರೇ, ನಿಮ್ಮ ಮಗಳ ಬೂಟೇ ಸವೆದು ಹೋಗಿದೆಯಲ್ಲ, ಕಣ್ಣು ಕಾಣಲ್ವಾ?" ಎಂದು ಹರಿದ ಚಪ್ಪಲಿ ತಂದಿದ್ದ ನಿಲ್ದಾಣದ ಟಿಕೆಟ್ ಕಿಟಕಿಯವನು ಕೇಳಿದ.

ಮೇಷ್ಟ್ರು ದವಡೆ ಬಿಗಿಹಿಡಿದ. "ಕಾಣುತ್ತೆ ಸ್ವಾಮಿ. ಸವೀಲಿ ಬಿಡಿ" ಅಂದ, ಆಮೇಲೆ ಅವನ ಚಪ್ಪಲಿಯನ್ನು ಪಾಠ ಹೇಳದೆಯೇ ಹೊಲಿದು ಕೊಟ್ಟ.