ಮೇಲ್ ನಿಂತ ಮಧ್ಯಾಹ್ನ

ರಾಬಿಯಾ, ಆ ಮೇಲ್ ಗಾಡಿಯನ್ನು ನಿಲ್ಲಿಸಿದವಳು ನಾನು. ನಿನ್ನ ಅಬ್ಬಾ ಅಲ್ಲ.

ರಾಜ್ಯಕ್ಕೆ ಇನ್ನೂ ಮೈಸೂರೆಂದೇ ಹೆಸರಿದ್ದ ಕಾಲ. ಚಿತ್ತಾಪುರ, ಸೇಡಂ ನಡುವಿನ ಆ ಪುಟ್ಟ ಸ್ಟೇಷನ್ನಿಗೆ ನನ್ನ ಡ್ಯಾಡಿ ಮಾಸ್ತರ್, ನಿನ್ನ ಅಬ್ಬಾ — ನಾನು ಚಾಚಾ ಎನ್ನುತ್ತಿದ್ದವರು — ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಹದಿಮೂರರ ನಾನು ಹೈದರಾಬಾದಿನ ಕಾನ್ವೆಂಟಿನಿಂದ ರಜೆಗೆ ಬಂದಿದ್ದೆ. ಮೇಲ್ ನಮ್ಮಲ್ಲಿ ನಿಲ್ಲುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಮಾತ್ರ ಕೊಚ್ಚಿಕೊಂಡಿದ್ದೆ — ಮೈ ಡ್ಯಾಡಿ ಸ್ಟಾಪ್ಸ್ ಎವ್ರಿ ಟ್ರೇನ್. ಅಂದು ಅದೇ ಮೇಲ್‌ನಲ್ಲಿ ಗೆಳತಿ ಸ್ಟೆಲ್ಲಾ ಬಾಂಬೆಗೆ ಹೊರಟಿದ್ದಳು.

ಒಂಟಿ ಹಳಿಯಲ್ಲಿ ಮುಂದೆ ಹೋಗಲು ಡ್ರೈವರನಿಗೆ ಕಬ್ಬಿಣದ ಗುಂಡೊಂದನ್ನು ಕೊಡಬೇಕಿತ್ತು, ಅದೇ ಟೋಕನ್. ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ರಿಂಗಿಗೆ ಕಟ್ಟಿ, ಓಡುವ ಗಾಡಿಗೆ ಎತ್ತಿ ಹಿಡಿಯುವುದು ಚಾಚಾರ ಕೆಲಸ. ಅವರು ರಿಂಗನ್ನು ಗೂಟಕ್ಕೆ ಸಿಕ್ಕಿಸಿ ಹಸಿರು ಬಾವುಟ ತರಲು ತಿರುಗಿದರು — ಅಷ್ಟೇ ಹೊತ್ತು. ಗುಂಡು ನನ್ನ ಫ್ರಾಕಿನ ಜೇಬು ಸೇರಿತು. ಗಾಡಿ ಮೈಮೇಲೆ ಬಂದಿತ್ತು. ಚೀಲ ತೂಗಿ ನೋಡಲು ಅವರಿಗೆ ಪುರುಸೊತ್ತೆಲ್ಲಿ?

ಬರಿಚೀಲ ಹಿಡಿದ ಡ್ರೈವರ್ ಗಾಡಿ ನಿಲ್ಲಿಸಿ ಬೈಯುತ್ತ ಇಳಿದ. ಸ್ಟೆಲ್ಲಾ ಕಿಟಕಿಯಿಂದ ಕೈ ಬೀಸಿದಳು. ನಾನೂ ಬೀಸಿದೆ — ಹೌದು, ಬೀಸಿದೆ.

ಡ್ಯಾಡಿ ಟೇಬಲ್ಲಿನಡಿ ಹುಡುಕುತ್ತಿದ್ದರು. ಚಾಚಾ ನನ್ನ ಜೋತುಬಿದ್ದ ಜೇಬು ನೋಡಿದರು.

“ಭಾರ ಆಗ್ಯದ ಬೇಟಿ, ಇಲ್ಲಿ ಕೊಡು,” ಎಂದು ಮೆಲ್ಲಗೆ ಕೈಚಾಚಿದರು. ಆಮೇಲೆ ಡ್ಯಾಡಿಗೆ — “ನಂದೇ ತಪ್ಪದ ಸಾಹೇಬ್ರ. ಚೀಲದಾಗ ಹಾಕೋದು ಮರ್ತೀನಿ.”

ಡ್ಯಾಡಿ ರಿಪೋರ್ಟ್ ಬರೆದರು. ನಾನು ಬಾಗಿಲಲ್ಲೇ ಇದ್ದೆ. ಒಂದು ಮಾತು ಸಾಕಿತ್ತು. ಚಾಚಾರ ಕೈಯಿಂದ ಬಾವುಟ ಹೋಯಿತು. ಶಹಾಬಾದಿನ ಬಿಸಿಲಲ್ಲಿ ಬೆನ್ನು ಬಾಗುವವರೆಗೂ ಹಳಿಯ ಗ್ಯಾಂಗಿನಲ್ಲಿ ಕಲ್ಲು ಹೊತ್ತರು.

ಹೋದ ತಿಂಗಳು ನಿನ್ನ ಮೊಮ್ಮಗಳ ಮದುವೆಯಲ್ಲಿ ನಿನ್ನ ತಮ್ಮ ಬೀಗರಿಗೆ ಹೇಳುತ್ತಿದ್ದ: “ನಮ್ಮ ಅಬ್ಬಾ ಭಾಳ ಮರಗುಳಿ ನೋಡ್ರಿ, ಮೇಲ್ ಗಾಡೀಗೇ ಖಾಲಿ ಚೀಲ ಕೊಟ್ಟವರು.” ಎಲ್ಲರೂ ನಕ್ಕರು. ನೀನು ತಲೆ ತಗ್ಗಿಸಿದೆ. ನಾನು — ಬಿರಿಯಾನಿ ಉಣ್ಣುತ್ತ ಕೂತೆ.

ಬರುವ ಶುಕ್ರವಾರ ಪ್ಯಾಸೆಂಜರಿಗೆ ಬರುತ್ತೇನೆ. ನಮಾಜು ಮುಗಿಸಿ ನಿನ್ನವರೆಲ್ಲ ಊಟಕ್ಕೆ ಕೂತಾಗ, ನಿನ್ನ ತಮ್ಮನ ಎದುರಿಗೇ, ಈ ಪತ್ರ ಓದುತ್ತೇನೆ. ಐ ವಾಸ್ ಓನ್ಲಿ ಎ ಚೈಲ್ಡ್ ಎನ್ನುವುದಿಲ್ಲ. ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ನಿಂತು ಓದುತ್ತೇನೆ.

ನಿನ್ನ ಅಬ್ಬಾ ಚೀಲದಲ್ಲಿ ಗುಂಡು ಹಾಕಿದ್ದರು, ರಾಬಿಯಾ. ನಿನ್ನ ಮನೆಯವರೆಲ್ಲ ಅಷ್ಟು ಕೇಳಲಿ. ಆಮೇಲೆ ಬೇಕಾದರೆ ನನ್ನನ್ನು ಹೊರಗೆ ಹಾಕು.